ಕಾಳು ತಿನ್ನೋ ಭಾವ

ಇಲ್ಲ ಬುರಾಮಾ ಭಾವ, ಆ ಹಾಡು ಇವತ್ತು ಬೇಡ. ಅಂದ್ರೆ... ಹಾಡೋಣ, ಬೆರಳಲ್ಲಿ ನುಡಿಸೋದು ಬೇಡ. ಗಾಜಿನ ಬಾಟಲಿ ಕತ್ತು ಇದೆಯಲ್ಲ, ಅದನ್ನ ಬೆರಳಿಗೆ ಹಾಕ್ಕೊಂಡು ತಂತಿ ಮೇಲೆ ಜಾರಿಸಿಬಿಡ್ತೀನಿ. ನಮ್ಮ ಮಿಸಿಸಿಪ್ಪಿ ಜನಕ್ಕೆ ಅದೇ ಇಷ್ಟ. ಯಾಕೆ ಹಾಗೆ ನೋಡ್ತೀಯ?

ಗೊತ್ತು, ಅದು ನಮ್ಮಮ್ಮನ ಹಾಡು. ಹತ್ತಿ ಬಿಡಿಸ್ತಾ ಹಾಡ್ತಿದ್ಲು. ನಿಮ್ಮೂರು ಬಮಾಕೋದಲ್ಲಿ, ನಿಮ್ಮ ಮನೆ ಅಂಗಳದಲ್ಲಿ ಕೂತು ನಾನದನ್ನ ಗಿಟಾರಲ್ಲಿ ನುಡಿಸಿದೆ, ನೀನು ನಿಮ್ಮ ಕೋರಾ ವಾದ್ಯದ ಇಪ್ಪತ್ತೊಂದು ತಂತಿಯಲ್ಲಿ ಉತ್ತರ ಕೊಟ್ಟೆ. ನೀನು ಕೇಳಿದ್ದಕ್ಕೆ ನನ್ನ ಬೆರಳು ಉತ್ತರ ಕೊಡ್ತು. ನಿಮ್ಮಪ್ಪ ಕಣ್ಣೊರೆಸ್ಕೊಂಡು, ಇವನು ಹೊರಗಿನವನಲ್ಲ, ಕೋನೆ ಮನೆತನದವನು ಅಂದ್ರು. ಲೂಷಿಯಸ್ ಟೇಟ್ ಹೋಗಿ ಲೂಷಿಯಸ್ ಕೋನೆ ಆದೆ. ಕೋನೆ ಮನೆತನಕ್ಕೂ ನಿಮ್ಮ ಜಬಾತೆ ಮನೆತನಕ್ಕೂ ತಲೆತಲಾಂತರದಿಂದ ತಮಾಷೆ ಸಂಬಂಧ, ಕಾಳು ತಿನ್ನೋನೆ ಅಂತ ಬೈದ್ರೆ ತಿರುಗಿ ಬೈಯಲೇಬೇಕು ಅಂತ ನೀನೇ ಹೇಳಿಕೊಟ್ಟೆ.

ಹ್ಞೂಂ, ಮುಂದಿನ ವಾರ ನಿಮ್ಮಪ್ಪನ ಮುಂದೆ ನುಡಿಸಬೇಕು, ಮರೆತಿಲ್ಲ. ತೊಂಬತ್ತು ವರ್ಷ ಅವರಿಗೆ. ಇನ್ನೊಂದ್ಸಲ ಆ ಹಾಡು ಕೇಳಿ ಕಣ್ಮುಚ್ತೀನಿ ಅಂದಿದಾರೆ. ನುಡಿಸ್ತೀನಪ್ಪ, ಅಲ್ಲಿ ಬೆರಳಲ್ಲೇ ನುಡಿಸ್ತೀನಿ. ಇವತ್ತು ಚಳಿ, ಅಷ್ಟೆ... ಸರಿ, ಚಳಿ ಇಲ್ಲ, ಸೆಕೆ. ಸೆಕೆಗೆ ಬೆರಳು ಬೆವರತ್ತೆ, ಜಾರತ್ತೆ.

ಮೊನ್ನೆ ಸ್ವರ ತಪ್ಪಿದ್ದು ನಾನಲ್ಲ, ಹಳೇ ತಂತಿ. ಅದಕ್ಕೇ ಊಟ ಆದಾಗಿಂದ ಹೊಸ ತಂತಿ ಕಟ್ತಾ ಕೂತಿದೀನಿ. ಇವುಗಳ ತುದಿ ಸೂಜಿ ಥರ. ಆಯ್ತು, ಇನ್ನೊಂದೇ ಉಳಿದಿರೋದು.

ಏನೋ, ಕಾಳು ತಿನ್ನೋ ಜಬಾತೆ, ಮಾತಾಡಲ್ವಾ? ಒಂದು ಹಂಡೆ ಕಾಳು ಮುಗಿಸಿ ಬಂದು ನಿದ್ದೆ ಹತ್ತಿತಾ? ಬೈದಿದೀನಿ, ಈಗ ನಿನ್ನ ಸರದಿ... ನಿಮ್ಮಜ್ಜ ನಮ್ಮಜ್ಜನ ಕತ್ತೆ ಕಾಯ್ತಿದ್ದ. ಇದಕ್ಕೂ ಸುಮ್ಮನೇನಾ? ಏಳು ವರ್ಷದಲ್ಲಿ ಒಂದು ದಿನ ನೀನು ಬೈಗುಳ ಬಾಕಿ ಇಟ್ಟವನಲ್ಲ.

ಏನು ನೋಡ್ತಿದೀಯ... ನನ್ನ ಕೈಯನ್ನಾ?

ಓ. ರಕ್ತ.

ಗಿಟಾರ್ ಮೇಲೆ... ಪ್ಯಾಂಟ್ ಮೇಲೂ ಇದೆ. ಯಾವಾಗ ಚುಚ್ಚಿತು ಭಾವ? ನೀನು ಯಾವಾಗಿಂದ ನೋಡ್ತಾ ಕೂತಿದೀಯ?

ನೋವಾಗ್ಲಿಲ್ಲ. ಆರು ತಿಂಗಳಿಂದ ಆಗ್ತಿಲ್ಲ. ಮೂರು ಬೆರಳು ಮರಗಟ್ಟಿವೆ. ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟರು. ತಂತಿ ಎಲ್ಲಿದೆ ಅಂತಾನೇ ಗೊತ್ತಾಗಲ್ಲ ಭಾವ, ಕಣ್ಣಲ್ಲಿ ನೋಡಿ ನೋಡಿ ಒತ್ತುತೀನಿ. ನಿಮ್ಮಪ್ಪಂಗೆ ಏನು ಹೇಳ್ಲಿ ನಾನು?

ಕೈ ಬಿಡು, ಒರೆಸೋದೇನೂ ಬೇಡ. ಬಾಯಿ ಬಿಡು ಮಾರಾಯ. ಒಂದು ಬೈಗುಳ ಸಾಕು. ಕತ್ತೆ ಅನ್ನು, ಕಾಳು ತಿನ್ನೋನೆ ಅನ್ನು... ಏನಾದ್ರೂ ಬೈಯಿ ಭಾವ.