ಸುಡದ ಬಟ್ಟೆಗೆ ಹಾಕಿದ ಕೆಂಪು ಬಣ್ಣದ ವಿಷಯ

ಮತ್ತು ಫೌಜದಾರ ಸಾಹೇಬರೇ, ನಿನ್ನೆ ಠಾಣೆಯಲ್ಲಿ ತಮ್ಮ ಮುಂದೆ ಮಾತು ನಿಂತದ್ದು, ಸೀಮೆಎಣ್ಣೆ ಯಾರದು ಎಂಬಲ್ಲಿ. ಅಲ್ಲಿಂದಲೇ ಮುಂದುವರಿಸುವವನಿದ್ದೆ, ಆದರೆ ಹೆಸರು ವಿಳಾಸ ಮೊದಲು ಬರಬೇಕೆಂದು ಹವಾಲ್ದಾರರು ಹೇಳಿದ್ದರಿಂದ ಬರೆಯುತ್ತೇನೆ. ಸಂಗಣ್ಣ ತಂದೆ ಮಲಕಾಜಪ್ಪ ಬಿಜ್ಜರಗಿ, ವಯಸ್ಸು 52, ಉದ್ಯೋಗ ಬಣ್ಣದ ಅಂಗಡಿ, ಸಾಕಿನ್ ತಿಕೋಟಾ, ತಾಲೂಕು ವಿಜಾಪುರ. ಹೆಂಡತಿ ಹೊಳೆವ್ವ ತೀರಿಕೊಂಡು ನಾಲ್ಕು ವರ್ಷ. ವಿಜಾಪುರದ ಕಾಲೇಜಿನಲ್ಲಿ ಒಂದು ವರ್ಷ ಇಂಟರ್ ಸೈನ್ಸ್ ಓದಿದವನೆಂದು ಈ ಹೇಳಿಕೆಯನ್ನು ಸ್ವಂತ ಕೈಯಿಂದ ಬರೆಯಲು ತಾವು ಒಪ್ಪಿದ್ದೀರಿ. ತಿಳಿಸಬೇಕಾದದ್ದು ಹೀಗಿದೆ.

ಮಲ್ಲಿಕಸಾಬನ ಮನೆ ನನ್ನ ಅಂಗಡಿಯಿಂದ ಅರವತ್ತು ಹೆಜ್ಜೆ. ಬಟ್ಟೆಗೆ ಬಣ್ಣ ಹಾಕುವುದು, ಕಟ್ಟಿಗೆಯ ಅಚ್ಚಿನಿಂದ ಛಾಪಿಸುವುದು ಅವನ ಕಸುಬು. ಅವನು ತನ್ನ ಹೆಂಡತಿ ರಾಜಬಿಯ ಮೇಲೆ ಸೀಮೆಎಣ್ಣೆ ಸುರಿದು ಸುಟ್ಟನೆಂದು ಅವಳ ಅಣ್ಣ, ಬಬಲೇಶ್ವರದ ಮಲಂಗಸಾಬ, ಫಿರ್ಯಾದಿ ಕೊಟ್ಟಿದ್ದಾನೆ. ಎಂಟು ದಿನದಿಂದ ಮಲ್ಲಿಕಸಾಬ ಲಾಕಪ್ಪಿನಲ್ಲಿದ್ದಾನೆ. ಆ ಸೀಮೆಎಣ್ಣೆ ನನ್ನದು.

ದಿನಾಂಕ 2-3-1978ರಂದು ಸೋಲಾಪುರದ ಗುತ್ತಿಗೆದಾರ ಅಬ್ದುಲಗನಿ ಮಲ್ಲಿಕಸಾಬನ ಮನೆಗೆ ಒಂದು ಥಾನು ಬಟ್ಟೆ ತಂದಾಗ ನಾನೂ ಅಲ್ಲಿದ್ದೆ. ಮುಂಬಯಿ ಬಂದರದ ಹರಾಜಿನಲ್ಲಿ ಸಿಕ್ಕ ಪರದೇಶಿ ಮಾಲು. ಎರಕದ ಭಟ್ಟಿಯ ಮುಂದೆ ನಿಲ್ಲುವ ಆಳುಗಳಿಗೆ ಕೋಟು ಹೊಲಿಸಲು ಬೇಕಾಗಿದೆ, ಹೊಗೆಯಲ್ಲಿ ಆಳು ಕಾಣಬೇಕು, ಕೆಂಪು ಮಾಡಿಕೊಡಿ ಎಂದನು. ನಾನು ಬೆಂಕಿಕಡ್ಡಿ ಗೀರಿ ಬಟ್ಟೆಯ ಅಂಚಿಗೆ ಹಿಡಿದೆ. ಕಪ್ಪಾಯಿತು, ಉರಿಯಲಿಲ್ಲ. ‘ಫೈರ್‌ಪ್ರೂಫ್’ ಎಂದು ಎಲ್ಲರೆದುರು ಹೇಳಿದವನು ನಾನೇ. ಬಾಗಿಲಲ್ಲಿ ನಿಂತಿದ್ದ ರಾಜಬಿ, ‘ಇಂಥಾ ಬಟ್ಟಿ ಐತಿ ಅಂತ ಮೊದಲ ಹೇಳಬಾರದೇನ್ರಿ ಕಾಕಾ? ಇಷ್ಟ ವರ್ಷ ರೊಟ್ಟಿ ಸುಡೂದ್ರಾಗ ಕೈ ಸುಟಗೋತ ಕುಂತೇನಿ. ನಿಮ್ಮ ಕಾಲೇಜ ಯಾರಿಗೆ ಉಪಯೋಗ ಆತು?’ ಎಂದು ನಕ್ಕಳು.

4ನೇ ತಾರೀಖು ಬೆಳಗ್ಗೆ 8ರಿಂದ 11-30ರವರೆಗೆ ಬಟ್ಟೆಯನ್ನು ತಾಮ್ರದ ಹಂಡೆಯಲ್ಲಿ ಬಣ್ಣದೊಂದಿಗೆ ಕುದಿಸಿದೆವು. ತೊಳೆದರೆ ಬಣ್ಣವೆಲ್ಲ ನೀರಿಗೆ ಹೋಗಿ ಬಟ್ಟೆ ಮೊದಲಿನಂತೆ ಮಾಸಲು ಬಿಳಿಯಾಯಿತು. ಎರಡನೇ ಸಲವೂ ಅದೇ. ‘ಅಣ್ಣಾರ, ಈ ಬಟ್ಟಿಗೆ ಬಾಯೇ ಇಲ್ರಿ, ಬಣ್ಣ ಕುಡಿಯೂದು ಎಲ್ಲಿಂದ? ವಾಪಸ ಕೊಟ್ಟ ಬಿಡೂನು’ ಎಂದು ಮಲ್ಲಿಕಸಾಬ ಹೇಳಿದನು. ಕಸುಬಿನವನ ಮಾತು ಅದು. ಇಂಥ ನೂಲಿಗೆ ಇಂಗ್ಲಿಷಿನಲ್ಲಿ ಇನರ್ಟ್ ಎನ್ನುತ್ತಾರೆಂದು ನನ್ನ ನೆನಪು, ಸರಿಯೋ ತಪ್ಪೋ ಗೊತ್ತಿಲ್ಲ. ಅದು ಬಣ್ಣ ಹೀರಬೇಕಾದರೆ ಮುಚ್ಚಿದ ಒತ್ತಡದ ಪಾತ್ರೆ ಬೇಕು, ಕುದಿಯುವ ನೀರಿಗಿಂತ ಹೆಚ್ಚು ಕಾವು ಬೇಕು. ನಮ್ಮಲ್ಲಿ ಅದಾವುದೂ ಇಲ್ಲ. ಆದರೂ ವಾಪಸು ಕೊಡಲು ನಾನು ಬಿಡಲಿಲ್ಲ. ಅಬ್ದುಲಗನಿಯ ಮುಂದೆ ಅಷ್ಟು ಇಂಗ್ಲಿಷ್ ಮಾತಾಡಿ ಈಗ ಆಗುವುದಿಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಒಳಗೆ ಇಳಿಯದಿದ್ದರೆ ಮೇಲೆ ಕೂರಿಸೋಣ, ಪೂರ್ತಿ ಕೆಂಪು ಛಾಪಿಸು ಎಂದೆ.

ಮೇಲೆ ಕೂರುವ ಬಣ್ಣವನ್ನು ಅಂಟು, ನೀರು ಮತ್ತು ಸೀಮೆಎಣ್ಣೆ ಕಡೆದು ಬೆಣ್ಣೆಯಂತೆ ಮಾಡಿಕೊಳ್ಳುತ್ತಾರೆ. ಇದರಲ್ಲಿ ಕಳ್ಳತನವೇನಿಲ್ಲ, ದೊಡ್ಡ ಗಿರಣಿಗಳಲ್ಲೂ ಹೀಗೆಯೇ. ಆದರೆ ಛಾಪಿಸಿದ ಮೇಲೆ ಪೂರ್ತಿ ಒಣಗಿಸಿ, 150 ಡಿಗ್ರಿ ಕಾವಿನಲ್ಲಿ ಐದು ನಿಮಿಷ ಬೇಯಿಸಬೇಕು. ಆಗ ಎಣ್ಣೆ ಹೋಗಿ ಬಣ್ಣ ನಿಲ್ಲುತ್ತದೆ. ಬಣ್ಣದ ಡಬ್ಬಿಯ ಜೊತೆ ಬಂದ ಕಾಗದದಲ್ಲಿ ಹಾಗಿದೆ. ಓದಿದ್ದೇನೆ.

8ನೇ ತಾರೀಖು ಬೆಳಗ್ಗೆ 9ಕ್ಕೆ ಗಂಡಹೆಂಡತಿ ಛಾಪಿಸಲು ಹಿಡಿದರು. ಬಣ್ಣ ಗಟ್ಟಿಯಾಗಿ ಅಚ್ಚು ಬಟ್ಟೆಗೆ ಅಂಟಿ ಎಳೆಯಿತು. ನಾನು ಅಂಗಡಿಯಿಂದ ಎರಡು ಲೀಟರ್ ಸೀಮೆಎಣ್ಣೆ ತಂದು ನನ್ನ ಕೈಯಾರೆ ಸುರಿದೆ. ಸಂಜೆ 5ಕ್ಕೆ ಬಟ್ಟೆ ಇನ್ನೂ ಹಸಿ. ಎರಡು ದಿನದ ಬಿಸಿಲು ಬೇಕೆಂದು ಮಲ್ಲಿಕಸಾಬ ಹೇಳಿದನು. ಮರುದಿನ ಮಧ್ಯಾಹ್ನ ಅಬ್ದುಲಗನಿಯ ಲಾರಿ ಬರುವುದಿತ್ತು. ಇಸ್ತ್ರಿ ಮಾಡಿದರೂ ಬೇಯಿಸಿದಂತೆಯೇ ಎಂದು ಹೇಳಿ, ಹಿಂಬದಿಯಿಂದ ಎರಡು ಸಲ ಇಸ್ತ್ರಿ ಎಳೆಸಿದೆ. ಮುಟ್ಟಿದರೆ ಒಣಗಿದಂತಿತ್ತು.

ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ಒಂದು ಪದ್ಧತಿ ಇದೆ. ಹೊಸ ಬಣ್ಣದ ಮೊದಲ ತುಂಡನ್ನು ಮನೆಯ ಹೆಣ್ಣುಮಗಳು ಮೈಗೆ ಕಟ್ಟಿಕೊಂಡು ಒಲೆಯ ಮುಂದೆ ಒಂದು ಹೊತ್ತಿನ ಅಡುಗೆ ಮಾಡಬೇಕು. ಬೆವರು, ಹಬೆ, ಅರಿಷಿಣದ ಕೈ ಇಷ್ಟಕ್ಕೂ ಬಣ್ಣ ಬಿಡದಿದ್ದರೆ ಮಾತ್ರ ಮಾಲು ಹೊಸ್ತಿಲು ದಾಟುತ್ತದೆ. 9ನೇ ತಾರೀಖು ಬೆಳಗ್ಗೆ 7ಕ್ಕೆ ರಾಜಬಿ ಅದಕ್ಕಾಗಿಯೇ ತುಂಡು ಕೈಗೆ ತೆಗೆದುಕೊಂಡಳು. ನಾನು ಒಲೆಯಿಂದ ಎಂಟು ಅಡಿ ದೂರ ಚಹಾ ಕುಡಿಯುತ್ತ ಕುಳಿತಿದ್ದೆ. ಮಲ್ಲಿಕಸಾಬ, ‘ಚಿಮಣಿ ಎಣ್ಣಿ ವಾಸನಿ ಹೊಡ್ಯಾಕತ್ತೇತಿ, ಇವತ್ತ ಬ್ಯಾಡ ಬಿಡು’ ಎಂದನು. ಅವಳು ನನ್ನ ಮುಖ ನೋಡಿದಳು. ನಾನು, ‘ಕಟಗೋ ಬೇ ತಂಗಿ, ಅದೇನ್ ಸುಡೂ ಬಟ್ಟಿ ಅಲ್ಲ’ ಎಂದೆ.

7-20ಕ್ಕೆ ಎರಡನೇ ರೊಟ್ಟಿ ಹೊರಳಿಸಲು ಬಗ್ಗಿದಾಗ ಹತ್ತಿಕೊಂಡಿತು. ಮಲ್ಲಿಕಸಾಬ ಬರಿಗೈಯಿಂದ ಗಂಟು ಹರಿದು ಗೋಣಿಚೀಲ ಹೊದಿಸಿದನು. ಅವನ ಅಂಗೈ ಸುಟ್ಟದ್ದು ಆಗ, ತಮ್ಮ ಕಾಗದದಲ್ಲಿ ಬರೆದಂತೆ ಬೆಂಕಿ ಹಚ್ಚುವಾಗ ಅಲ್ಲ. ನನ್ನ ಕೈಯಲ್ಲಿ ಚಹಾದ ಬಸಿ ಹಾಗೆಯೇ ಇತ್ತು. ಮೇಲಿನ ಕೆಂಪಷ್ಟೇ ಉರಿದು ಹೋಗಿ, ಬಟ್ಟೆ ಕರ್ರಗಾಗಿ ಇಡಿಯಾಗಿ ಉಳಿದಿತ್ತು. ಒಳಗಿನ ನೈಲಾನ್ ಸೀರೆ ಕರಗಿ ಅವಳ ಮೈಗೆ ಅಂಟಿತ್ತು.

11 ಗಂಟೆಗೆ ಹವಾಲ್ದಾರರು ಬಂದು ಬಣ್ಣವಿಲ್ಲದ ಅಂಚಿಗೆ ಕಡ್ಡಿ ಹಿಡಿದು ನೋಡಿದರು. ಈ ಬಟ್ಟೆ ತಾನಾಗಿ ಸುಡುವುದಿಲ್ಲ, ಎಣ್ಣೆಯ ವಾಸನೆ ಇದೆ, ಆದ್ದರಿಂದ ಯಾರೋ ಸುರಿದಿದ್ದಾರೆ ಎಂದು ಪಂಚನಾಮೆ ಬರೆದರು. ಮಲ್ಲಿಕಸಾಬ, ‘ಅಣ್ಣಾರಿಗೆ ಎಲ್ಲಾ ಗೊತ್ತೈತ್ರಿ ಸಾಹೇಬ್ರ, ಅವರ್ನ ಕೇಳ್ರಿ’ ಎಂದನು. ಕೇಳಿದರು. ಸೀಮೆಎಣ್ಣೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲವೆಂದು ಸಹಿ ಮಾಡಿದೆ. ಅಂಗಡಿಯಲ್ಲಿ ಎಣ್ಣೆ ಇಡಲು ನನಗೆ ಪರವಾನಗಿ ಇಲ್ಲ. ಇದೇ ಕಾರಣ, ಇದಕ್ಕಿಂತ ದೊಡ್ಡದು ಹುಡುಕಿದರೂ ಸಿಗಲಿಲ್ಲ. ಹೊಳೆವ್ವ ಇದ್ದಿದ್ದರೆ ಅಂದೇ ನನ್ನನ್ನು ಠಾಣೆಗೆ ಅಟ್ಟುತ್ತಿದ್ದಳು, ಅದು ಇಲ್ಲಿಗೆ ಸಂಬಂಧವಿಲ್ಲ.

15ನೇ ತಾರೀಖು ಬೆಳಗ್ಗೆ 10ಕ್ಕೆ ವಿಜಾಪುರದ ದವಾಖಾನೆಯಲ್ಲಿ ರಾಜಬಿ ತೀರಿಕೊಂಡಳು. ಗಂಟಲು ಸುಟ್ಟಿದ್ದರಿಂದ ಆರು ದಿನ ಒಂದು ಮಾತೂ ಆಡಲಿಲ್ಲ. ಮೆಟ್ಟಿಲ ಮೇಲೆ ಮಲಂಗಸಾಬ ನನ್ನ ಎರಡೂ ಕೈ ಹಿಡಿದು, ‘ಓದಿದವ್ರು ನೀವು. ದೋಸ್ತ ಅಂತ ಅವನ ಪರ ಸುಳ್ಳ ಹೇಳಲಿಲ್ಲ. ನಿಮ್ಮ ಉಪಕಾರ ಮರ್ಯಾಂಗಿಲ್ರಿ’ ಎಂದು ಅತ್ತನು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ತಿಕೋಟಾ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಮರುದಿನ ತಮ್ಮ ಮುಂದೆ ಬಂದೆ.

ನನ್ನ ಮಾತು ಈಗ ಬದಲಾಗಿದ್ದರಿಂದ ನಂಬಿಕೆ ಬಾರದಿರುವುದು ಸಹಜ. ಅದಕ್ಕಾಗಿ ಅದೇ ದಿನ ಛಾಪಿಸಿದ ಒಂದು ಮೊಳದ ತುಂಡನ್ನು, ಮುಚ್ಚಳ ಬಿಗಿದ ತಗಡಿನ ಡಬ್ಬಿಯಲ್ಲಿ ಇದ್ದ ಹಾಗೆಯೇ ತಂದು ಮೇಜಿನ ಮೇಲಿಟ್ಟಿದ್ದೇನೆ. ಪಂಚರ ಮುಂದೆ, ಮಲ್ಲಿಕಸಾಬನ ಮುಂದೆ, ಮಲಂಗಸಾಬನನ್ನೂ ಕರೆಸಿ, ಬಣ್ಣ ಇರುವ ಕಡೆ ಕಡ್ಡಿ ಹಿಡಿದು ನೋಡಬೇಕು. ಯಾರೂ ಏನೂ ಸುರಿಯಬೇಕಾಗಿಲ್ಲ.

ಇಷ್ಟರಲ್ಲಿ ಬೆಳಕು ಇಳಿದು ಅಕ್ಷರ ಕಾಣದಂತಾಗಿದೆ. ಕರೆಂಟು ಇಲ್ಲ, ಪೇದೆಯವರು ಕಂದೀಲು ತಂದಿದ್ದಾರೆ. ಹಚ್ಚುವ ಮೊದಲು ಆ ಡಬ್ಬಿಯನ್ನು ಹೊರಗಿನ ಕಟ್ಟೆಯ ಮೇಲೆ ಇಡಬೇಕಾಗಿ ವಿನಂತಿ.

ಮೇಲೆ ಬರೆದದ್ದು ನಾನು ಕಂಡದ್ದು, ಮಾಡಿದ್ದು ಮತ್ತು ಮುಚ್ಚಿಟ್ಟದ್ದು. ಯಾರೂ ಹೇಳಿಕೊಟ್ಟದ್ದಲ್ಲ.

ಸ್ಥಳ: ತಿಕೋಟಾ
ದಿನಾಂಕ: 17-3-1978, ಸಂಜೆ 6-35
ಸಹಿ: ಸಂ. ಮ. ಬಿಜ್ಜರಗಿ