ಸೈರನ್‌ಗಿಂತ ಮುಂಚೆ

ಫ್ರೀಮ್ಯಾಂಟಲ್ ರೈಲಿನ ಬಾಗಿಲು ಮುಚ್ಚುವಷ್ಟರಲ್ಲಿ ಇಬ್ಬರು ಒಳಗೆ ನುಗ್ಗಿ ನಿವೇದಿತಾಳ ಎದುರು ಕುಳಿತರು: ಇಸ್ತ್ರಿ ಮಾಡಿದ ಬಿಳಿ ಅಂಗಿಯ ತಂದೆ, ಆಸ್ಟ್ರೇಲಿಯಾದ ಫುಟ್‌ಬಾಲ್ ಆಟ ಫುಟಿಯ ತಂಡವೊಂದರ ಸ್ಕಾರ್ಫ್ ಸುತ್ತಿಕೊಂಡ ಮಗಳು. ಕನ್ನಡ ಕಿವಿಗೆ ಬಿದ್ದದ್ದೇ ತಡ, ನಿವೇದಿತಾ ಮೊಬೈಲಿನ ಹಾಡು ನಿಲ್ಲಿಸಿದಳು.

"ಗಂಟಲು ಪೂರ್ತಿ ಹೋಗಿದೆಯಲ್ಲೇ, ಕೃಪಾ."

"ನಿನ್ನೆ ಮ್ಯಾಚ್ ಇತ್ತಲ್ಲ ಪಪ್ಪಾ. ಎರಡೇ ಪಾಯಿಂಟಲ್ಲಿ ಗೆದ್ವಿ. ಕಿರುಚದೆ ಇರಕ್ಕಾಗುತ್ತಾ?"

"ಸೀಟು ಹತ್ತಿ ಕುಣಿದೆಯಂತೆ. ಚರ್ಚಲ್ಲಿ ಮಾತ್ರ ಬಾಯಿಗೆ ಬೀಗ."

"ಅಲ್ಲೂ ಕುಣೀತಿದ್ದೆ. ನೀವೇ ನೋಡಿದ್ದೀರಲ್ಲ."

"ಅದಕ್ಕೇ ಕೇಳ್ತಿರೋದು ಮಗಳೇ. ಆ ಖುಷಿ ಎಲ್ಲಿ ಹೋಯ್ತು?"

ಮಗಳು ಸ್ಕಾರ್ಫಿನ ಎಳೆಯೊಂದನ್ನು ಕೀಳುತ್ತ ಕೂತಳು.

"ಸ್ಕ್ಯಾನ್ ರಿಪೋರ್ಟ್ ಬರೋ ಮುಂಚೇನೇ ಅಮ್ಮನ್ನ ಚರ್ಚಲ್ಲಿ ಎದ್ದು ನಿಲ್ಲಿಸಿ, ದೇವರ ದಯೆಯಿಂದ ಕಾಯಿಲೆ ವಾಸಿಯಾಯ್ತು ಅಂತ ಸಾಕ್ಷಿ ಹೇಳಿಸಿದ್ರಿ. ಎಲ್ಲರೂ ಚಪ್ಪಾಳೆ ತಟ್ಟಿದ್ರು. ನಾನು ಅವತ್ತೂ ಗಂಟಲು ಹೋಗೋವರೆಗೆ ಹಾಡಿದೆ."

"ನಂಬಿಯೇ ಹೇಳಿಸಿದ್ದು ಕಣಮ್ಮಾ."

"ನಾನೂ ನಂಬಿದ್ದೆ. ಫುಟಿಯಲ್ಲಿ ಆಟ ಮುಗೀತು ಅನ್ನೋ ಕೊನೇ ಸೈರನ್ ಆಗೋವರೆಗೂ ಗೆದ್ವಿ ಅಂತ ಯಾರೂ ಹೇಳಲ್ಲ ಪಪ್ಪಾ."

ಫ್ರೀಮ್ಯಾಂಟಲ್ ಬಂತು. ರೈಲು ನಿಧಾನವಾದಾಗ ತಂದೆ ಚೀಲದಿಂದ ಬಿಲ್ಲೆ ಕಟ್ಟಿದ ದಮ್ಮಡಿಯಂಥ ಒಂದು ಟ್ಯಾಂಬರಿನ್ ತೆಗೆದರು. ಬಿಲ್ಲೆಗಳು ಸದ್ದು ಮಾಡದಂತೆ ಅದಕ್ಕೆ ಹಳೆಯ ಸೀರೆಯ ತುಂಡು ಸುತ್ತಲಾಗಿತ್ತು.

"ಅಮ್ಮ ಹೋದ ಮೇಲೆ ಇದನ್ನ ಯಾರೂ ಮುಟ್ಟಿಲ್ಲ. ಇವತ್ತು ಪ್ರಾರ್ಥನೆ ಕೂಟದಲ್ಲಿ ನೀನು ಬಾರಿಸು. ಒಂದೇ ಒಂದು ಹಾಡಿಗೆ."

ಬಾಗಿಲು ತೆರೆಯಿತು. ಮಗಳು ಎದ್ದು ನಿಂತಳು.

"ನಾನು ಬಾರಿಸಲ್ಲ ಪಪ್ಪಾ."