ಹನ್ನೊಂದು ಹದಿನಾಲ್ಕಕ್ಕ ಬಂದ್ ಆಗೂ ಕಂಪ್ಯೂಟರ್

ಇದು ಎಲ್ಲೋ ದೂರದಾಗ ಆದದ್ದಲ್ಲ. ನಮ್ಮ ಓಣಿ ಆಫ್ತಾಬಗ ಆದದ್ದು. ಗಜೇಂದ್ರಗಡ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ನಲ್ಲ, ಅವಽ ಆಫ್ತಾಬ. ಈಗ ಆ ಅಂಗಡಿ ಇಲ್ಲ. ಯಾಕ ಇಲ್ಲಂತ ಕೇಳ್ರಿ.

ರಾಜೂರಾಗ ಮಗ್ಗ ನೇಯೂ ನೀಲಾನ ಮನಿ ಓಣಿ ಭಾಳ ಸಣ್ಣದು, ಗಾಡಿ ಒಳಗ ಹೋಗೂದಿಲ್ಲ. ಆಲದ ಮರದ ಬುಡಕ ಗಾಡಿ ನಿಲ್ಲಿಸಿ, ಬಾವಿ ದಾಟಿ, ನಡಕೋತ ಹೋಗಬೇಕು. ಒಂದು ರಾತ್ರಿ ಆಫ್ತಾಬ ಆಕಿ ಕಂಪ್ಯೂಟರ್ ರಿಪೇರಿ ಮುಗಿಸಿ ಅದಽ ದಾರಿಲೆ ಹೊಳ್ಳಿ ಗಾಡಿ ಕಡೆ ಹೊಂಟಿದ್ದ. ಓಣಿ ದೀಪ ಹೋಗಿ ಎರಡ ದಿನ ಆಗಿತ್ತಂತ. ಬಾವಿ ರಾಟಿ ಗಾಳಿಗೆ ಕಿಂಯ್… ಕಿಂಯ್… ಅಂತಿತ್ತು. ಮರದಾಗ ಬಾವಲಿ ರೆಕ್ಕಿ ಬಡದದ್ದು, ಹಸಿ ಅರಿವಿ ಝಾಡಿಸಿದಂಗ… ಫಟ್.

ಆಮ್ಯಾಲ ಹಿಂದ ಹೆಜ್ಜಿ ಸಪ್ಪಳ. ಚಪ್ಪಲಿ ಇಲ್ಲದ ಕಾಲು. ಥಪ್… ಥಪ್… ಥಪ್…

ಆಫ್ತಾಬ ಹೊಳ್ಳಿ ನೋಡಲಿಲ್ಲ. ರಾತ್ರಿ ಬಾವಿ ಹತ್ತಿರ ಯಾರರ ನೋಡತಾರೇನ್ರಿ? ಜಲ್ದಿ ಜಲ್ದಿ ಕಾಲು ಹಾಕಿದ.

"ಅಣ್ಣಾರ…"

ನೀಲಾ. ಏದುಸಿರು ಬಿಡಾಕತ್ತಿದ್ಲು.

"ಮತ್ತ ಬಂದ್ ಆತ್ರಿ."

"ಎಷ್ಟಕ್ಕ?"

"ಹನ್ನೊಂದು ಹದಿನಾಲ್ಕಕ್ಕ."

ನೀಲಾನ ಗಂಡ ಕನಕರಾಜ ಮಗ್ಗದ ಸೀರಿಗೆ ದಡಿ, ಸೆರಗು ಬರಿಯೂ ಮನಶ್ಯಾ. ಮೊದಲ ಚೌಕದ ಹಾಳಿ ಮ್ಯಾಲ ಪೆನ್ಸಿಲ್ಲಿಲೆ ಬರೀತಿದ್ದ, ಒಂದು ಚೌಕ ಅಂದ್ರ ಒಂದು ಎಳಿ. ಆಮ್ಯಾಲ ಕಂಪ್ಯೂಟರ್ ಮ್ಯಾಲ ಬರಿಯಾಕ ಹತ್ತಿದ. ಆ ಕಂಪ್ಯೂಟರ್ ಬಿಡಿ ಸಾಮಾನು ತಂದು ಜೋಡಿಸಿ ಕೊಟ್ಟಾಂವ ಆಫ್ತಾಬನಽ. ಇಬ್ರೂ ಸಾಲಿಯಾಗ ಒಂದಽ ಬೆಂಚಿನ್ಯಾಗ ಕುಂತಾವ್ರು. ಮಶಿನ್ ಸ್ವಲ್ಪ ಹಟ ಮಾಡಿದ್ರ ಸಾಕು, ಕನಕರಾಜ ವಾಟ್ಸಪ್‌ನ್ಯಾಗ ಅದರ ಫೋಟೋ ಹಾಕಾಂವ, ಮ್ಯಾಲಿಂದ ಮ್ಯಾಲ ಫೋನ್ ಹಚ್ಚಾಂವ. ಹಗಲಿಲ್ಲ, ರಾತ್ರಿಯಿಲ್ಲ.

ಏಳು ತಿಂಗಳ ಹಿಂದ ಒಂದು ರಾತ್ರಿ ಎದಿ ಹಿಡಕೊಂಡ. ದವಾಖಾನಿ ಮುಟ್ಟಲಿಲ್ಲ.

ಹೋದಾಗ ಇನ್ನೂರಾ ಹನ್ನೆರಡು ನಮೂನಿ ಆ ಕಂಪ್ಯೂಟರಿನ್ಯಾಗ ಇದ್ದವು. ಕಡೀದು ಒಂದು ಸೆರಗು, ಅರ್ಧಕ್ಕ ನಿಂತಿತ್ತು. ಜ್ವಾಳದ ತೆನಿ. ತುಂಬಿ ಬಾಗಿದ್ದು. "ಇದನ್ನ ನೀನಽ ನೇಯಬೇಕು, ನೀನಽ ಉಡಬೇಕು" ಅಂದಿದ್ನಂತ ಹೆಂಡತಿಗೆ. ನೀಲಾ ಹಗಲೆಲ್ಲಾ ಮಗ್ಗದಾಗ ಕುಂದ್ರಾಕಿ. ರಾತ್ರಿ ಉಂಡು, ಅಂವನ ಖುರ್ಚಿಯಾಗ ಕುಂತು, ಒಂದೊಂದಽ ಚೌಕ ತುಂಬಿಕೋತ ಆ ತೆನಿ ಮುಗಸಾಕ ಹತ್ತಿದ್ಲು. ಆವಾಗ ಸುರು ಆತು ಇದು. ರಾತ್ರಿ ಮೂರು ಸರ್ತಿ ಬಂದ್ ಆಗತಿತ್ತು. ಪರದೆ ನೀಲಿ ಆಗಿ, ಟಿಕ್… ಕರ್ರಗ.

ಆಫ್ತಾಬ ಮೊದಲನೇ ದಿನ ನಕ್ಕಿದ್ದ. "ಧೂಳ ತುಂಬೇತ್ರಿ ವೈನಿ, ಕಾವು ಏರಿ ಬಂದ್ ಆಗತೈತಿ" ಅಂದ. ಬಿಚ್ಚಿ, ಬ್ರಶ್ ಹೊಡದ. ರ್‍ಯಾಮ್ ತಗದು ರಬ್ಬರಿಲೆ ತಿಕ್ಕಿ ಹಾಕಿದ. ಪ್ರೊಸೆಸರ್ ಮ್ಯಾಲ ಹೊಸಾ ಪೇಸ್ಟ್ ಬಳದ.

"ಅಣ್ಣಾರ, ಅವರ ನಮೂನಿ ಎಲ್ಲಾ ಬ್ಯಾರೆ ಕಡೆ ಕಾಪಿ ಮಾಡಿ ಕೊಡ್ರಿ ಮೊದಲ" ಅಂದ್ಲು ನೀಲಾ.

"ಡಿಸ್ಕ್ ಚಲೋ ಐತ್ರಿ. ಕಾಪಿ ಏನು, ಆಮ್ಯಾಲ ಮಾಡೂನು."

ಹಂಗ ಅಂದು ಹೊಂಟಾಗಽ ಆಕಿ ಬಾವಿ ತನಕ ಓಡಿ ಬಂದದ್ದು.

ಮರುದಿನ ಪವರ್ ಸಪ್ಲೈ ಬದಲಿ ಮಾಡಿದ. ಹನ್ನೊಂದು ಹದಿನಾಲ್ಕು… ಟಿಕ್. ಕರೆಂಟಿಂದು ಏನರ ಇರಬೇಕಂತ ಅರ್ಥಿಂಗ್ ಕುಣಿಗೆ ಉಪ್ಪನೀರು ಹಾಕಿಸಿದ, ಹೊಸಾ ಬ್ಯಾಟರಿ ಕೂಡ್ರಿಸಿದ, ಮೀಟರ್ ಹಿಡದು ತಾನಽ ಕುಂತ. ಮುಳ್ಳು ಅಳ್ಳಾಡಲಿಲ್ಲ. ಟಿಕ್. ಬೋರ್ಡ್ ಬದಲಿ ಮಾಡಿದ. ಕಡೀಕ ಹಳೇ ಸಾಮಾನಂದ್ರ ತಗಡಿನ ಡಬ್ಬಿ, ಅದರ ಹಿಂದಿನ ಫ್ಯಾನು, ಒಳಗಿನ ಡಿಸ್ಕು, ಇಷ್ಟಽ ಉಳೀತು. ಆದರೂ ಹನ್ನೊಂದು ಹದಿನಾಲ್ಕು. ಮತ್ತ ಹದಿನೇಳು. ಮತ್ತ ಇಪ್ಪತ್ತೆರಡು.

ಒಂದೊಂದು ಸರ್ತಿ ಬಂದ್ ಆದಾಗೂ ಒಂದೊಂದು ನಮೂನಿ ಕೆಡತಿತ್ತು. ತಗದು ನೋಡಿದ್ರ ಹೂವಿಲ್ಲ, ಬಳ್ಳಿಯಿಲ್ಲ. ಬರೇ ಖಾಲಿ ಚೌಕ.

ಆಫ್ತಾಬನ ನಗು ಅಲ್ಲಿಗೆ ನಿಂತಿತು. ಮಶಿನ್ ಅಂಗಡಿಗೆ ಹೊತಗೊಂಡು ಬಂದ. ರಾತ್ರಿ ಶಟರ್ ಅರ್ಧಾ ಇಳಿಸಿ ಒಬ್ಬನಽ ಕುಂತ. ಒಂದು ಉಪಾಯ ಮಾಡಿದ ಅಂವ. ಕಂಪ್ಯೂಟರಿನ ಗಡಿಯಾರ ಎರಡು ತಾಸು ಮುಂದ ಇಟ್ಟ. ಒಳಗ ಯಾವುದರ ಪ್ರೋಗ್ರಾಂ ಹೊತ್ತು ನೋಡಿ ಬಂದ್ ಮಾಡತಿದ್ರ, ಒಂಬತ್ತು ಹದಿನಾಲ್ಕಕ್ಕಽ ಬಂದ್ ಆಗಬೇಕು.

ಒಂಬತ್ತು ಹದಿನಾಲ್ಕು ಆತು. ಏನೂ ಆಗಲಿಲ್ಲ. ಹತ್ತು ಹೊಡೀತು. ಹೊರಗ ಕಡೀ ಬಸ್ಸು ಹೋತು. ಪರದೆ ಮ್ಯಾಲಿನ ಗಡಿಯಾರ ಒಂದು ದಾಟಿ ಹದಿನಾಲ್ಕು ನಿಮಿಷ ತೋರಸಾಕತ್ತಿತ್ತು. ಆಫ್ತಾಬ ಕೈಗಡಿಯಾರ ನೋಡಕೊಂಡ. ಖರೇ ಹೊತ್ತು, ಹನ್ನೊಂದು ಹದಿನಾಲ್ಕು.

ಟಿಕ್.

ಮಶಿನ್ನಿಗೆ ಹೊತ್ತು ಗೊತ್ತಿರಲಿಲ್ಲ. ಮತ್ತ ಯಾರಿಗೆ ಗೊತ್ತಿತ್ತು?

ಅಂವ ಎದ್ದು ಶಟರ್ ಪೂರಾ ಮ್ಯಾಲೆತ್ತಿದ. ಗಾಳಿ ಬರಲಿ ಅಂತ. ಹಿಂದ ಯಾವಾಗರ ಹಿಂಗ ಆಗಿತ್ತೇನು, ಕನಕರಾಜ ನೀಲಿ ಪರದೆ ಫೋಟೋ ಹಾಕಿದ್ನೇನು, ಅದರಾಗ ಏನರ ಸುಳುವು ಸಿಕ್ಕೀತಂತ ಫೋನ್ ತಗದ. ಏಳು ತಿಂಗಳಿಂದ ಕನಕರಾಜನ ಹೆಸರ ಮ್ಯಾಲ ಬಟ್ಟು ಇಟ್ಟಿರಲಿಲ್ಲ. ಇಟ್ಟ.

ಎಲ್ಲಾಕಿಂತ ತಳಗ ಫೋಟೋ ಇರಲಿಲ್ಲ. ಕೆಂಪು ಗುರುತು ಇದ್ದವು, ಮೂರು. ಬಂದ ಫೋನು, ಎತ್ತದಽ ಬಿಟ್ಟ ಫೋನು.

ಹನ್ನೊಂದು ಹದಿನಾಲ್ಕು.

ಹನ್ನೊಂದು ಹದಿನೇಳು.

ಹನ್ನೊಂದು ಇಪ್ಪತ್ತೆರಡು.

ಆ ರಾತ್ರಿ ಅಂವಗ ನೆನಪಿತ್ತು, ಮರತಿರಲಿಲ್ಲ. ಹಾಸಿಗಿಯಾಗ ಬಿದ್ದಕೊಂಡಿದ್ದ. ಫೋನು ಗುಂಯ್ ಗುಂಯ್ ಅಂತು. ಹೆಂಡತಿ ಇಷ್ರತ "ಯಾರದು?" ಅಂದ್ಲು. "ಕನಕರಾಜಂದು. ಕಂಪ್ಯೂಟರ್ ಮತ್ತ ಕೈ ಕೊಟ್ಟಿರಬೇಕು. ಮುಂಜಾನಿ ನೋಡೂನು" ಅಂದು ಫೋನ್ ಬೋರಲ ಹಾಕಿ ಮಲಗಿದ್ದ. ಅಂಗಳದಾಗ ಕಾರು ನಿಂತಿತ್ತು. ಅರ್ಧಾ ತಾಸಿನ್ಯಾಗ ರೋಣದ ದವಾಖಾನಿಗೆ ಒಯ್ಯಬಹುದಿತ್ತು. ಮುಂಜಾನಿ ಸುದ್ದಿ ಬಂತು. ಹೆಗಲು ಕೊಟ್ಟ, ಮಣ್ಣು ಹಾಕಿದ, ಯಾರಿಗೂ ಹೇಳಲಿಲ್ಲ.

ಬೆಳಗಾಗೂದಽ ತಡ, ಡಿಸ್ಕ್ ಕಾಪಿ ಮಾಡಾಕ ಹಚ್ಚಿದ. ಹನ್ನೊಂದು ನಮೂನಿ ಬಂದವು. ಹನ್ನೆರಡನೇದಕ್ಕ ಒಳಗಿನಿಂದ ಸಪ್ಪಳ… ಟಕ್… ಟಕ್… ಟಕ್. ಡಿಸ್ಕಿನ ಒಳಗಿನ ಸೂಜಿ ಹುಡುಕತೈತಿ, ಸಿಗೂದಿಲ್ಲ, ಹೊಳ್ಳಿ ಬರತೈತಿ, ಮತ್ತ ಹುಡುಕತೈತಿ. ಈ ಸಪ್ಪಳ ಬಂತಂದ್ರ ಇನ್ನ ಹೆಚ್ಚು ಹೊತ್ತಿಲ್ಲಂತ ಆ ಕೆಲಸದಾವ್ರಿಗೆ ಗೊತ್ತಿರತೈತಿ. ಬಂದ ಹನ್ನೊಂದು ತಗದು ನೋಡಿದ. ಎಲ್ಲಾ ಖಾಲಿ ಚೌಕ.

ನೀಲಾಗ ಫೋನ್ ಹಚ್ಚಿದ. "ಹುಬ್ಬಳ್ಳಿಗೆ ಒಯ್ದು ತೋರಸ್ತೀನ್ರಿ ವೈನಿ. ಆದ್ರ… ಆಸೆ ಇಟಗೋಬ್ಯಾಡ್ರಿ."

ಆ ಕಡೆಯಿಂದ ಬರತಿದ್ದ ಮಗ್ಗದ ಸಪ್ಪಳ ನಿಂತಿತು.

"ಮನಿಗೆ ತಗೊಂಡ ಬರ್ರಿ. ಹೋಗೂದಿದ್ರ ಅವರ ಮನ್ಯಾಗಽ ಹೋಗಲಿ."

ದವಾಖಾನಿಯವರು ಕೈ ಬಿಟ್ಟ ಮನಶ್ಯಾನ್ನ ಕರಕೊಂಡು ಬರ್ರಿ ಅಂತಾರಲ್ಲ, ಹಂಗಽ ಇತ್ತಂತ ಆ ಮಾತು.

ರಾತ್ರಿ ಹತ್ತಕ್ಕ ಆಫ್ತಾಬ ಆ ಮನ್ಯಾಗ ಮಶಿನ್ ಟೇಬಲ್ ಮ್ಯಾಲ ಇಟ್ಟು, ವೈರು ಹಚ್ಚಿ, ನೆಲದ ಮ್ಯಾಲ ಕುಂತ. ಖುರ್ಚಿಯಾಗ ಕುಂದ್ರಾಕ ಧೈರ್ಯ ಆಗಲಿಲ್ಲ. ಹೇಳಬೇಕಂತ ಬಾಯಿ ತಗದ.

"ವೈನಿ… ಆ ರಾತ್ರಿ ಕನಕ ನನಗ ಫೋನ್ ಹಚ್ಚಿದ್ದ. ಮೂರು ಸರ್ತಿ. ನಾ ಎತ್ತಲಿಲ್ಲ."

"ಅವರು ಹಚ್ಚಲಿಲ್ರಿ."

"ಹಾಂ?"

"ಅವರ ಫೋನಿಲೆ ಹಚ್ಚಿದಾಕಿ ನಾನು. ಅವರಿಗೆ ಕೈ ಎತ್ತಾಕ ಬರತಿರಲಿಲ್ಲ. ಬ್ಯಾಡ, ಅವ ಮಲಗಿರತಾನ, ಎಬಸಬ್ಯಾಡ… ಅಂದ್ರು. ಅದಽ ಕಡೀ ಮಾತು."

ಆಫ್ತಾಬಗ ತೆಲಿ ಎತ್ತಾಕ ಆಗಲಿಲ್ಲ.

"ಎಲ್ಲಾ ಗೊತ್ತಿದ್ದೂ… ರಿಪೇರಿಗೆ ನನ್ನನ್ನಽ ಯಾಕ ಕರದ್ರಿ?"

"ಎತ್ತತೀರೋ ಇಲ್ಲೋ ನೋಡೂನಂತ ಹಚ್ಚಿದ್ದೆ" ಅಂದ್ಲು ನೀಲಾ. ಸಿಟ್ಟಿರಲಿಲ್ಲ ಆಕಿ ಧ್ವನ್ಯಾಗ. ಏನೂ ಇರಲಿಲ್ಲ. "ಈ ಸಲ ಒಂದಽ ರಿಂಗಿಗೆ ಎತ್ತಿದ್ರಿ."

ಪರದೆ ಮ್ಯಾಲ ಜ್ವಾಳದ ತೆನಿ ಇತ್ತು. ಅರ್ಧಾ ತುಂಬಿದ್ದು, ಅರ್ಧಾ ಬರೇ ಗೆರಿ. ನೀಲಾ ಖುರ್ಚಿಯಾಗ ಕುಂತು ಮೌಸ್ ಹಿಡದ್ಲು. ಒಂದು ಚೌಕ ತುಂಬಿದ್ಲು… ಕ್ಲಿಕ್. ಇನ್ನೊಂದು… ಕ್ಲಿಕ್. ಒಳಗ ಡಿಸ್ಕು ಟಕ್ ಟಕ್ ಅನ್ನಾಕತ್ತಿತ್ತು. ಇದನ್ನಾದರೂ ಉಳಸೂನಂತ ಆಫ್ತಾಬ ಎದ್ದು ಫೋನಿಲೆ ಪರದೆ ಫೋಟೋ ಹೊಡಕೊಂಡ.

ಹನ್ನೊಂದು ಹದಿನಾಲ್ಕು. ಟಿಕ್. ಚಾಲೂ ಮಾಡಿದ್ರು. ತೆನಿ ಇತ್ತು.

ಹದಿನೇಳು. ಟಿಕ್. ಚಾಲೂ ಮಾಡಿದ್ರು. ತೆನಿಯಾಗ ಕಾಳಿರಲಿಲ್ಲ. ದಂಟು ಅಷ್ಟಽ.

ಇಪ್ಪತ್ತೆರಡು.

ಟಿಕ್ ಅನ್ನಲಿಲ್ಲ ಈ ಸಲ. ಕರ್ರ್… ಅಂತ ಒಂದು ಸಪ್ಪಳ, ಗಾಜಿನ ಮ್ಯಾಲ ಉಗುರು ಎಳದಂಗ. ಆಮ್ಯಾಲ ಕರ್ರಗಾತು. ಸುಟ್ಟ ವಾಸನಿ ಬಂತು. ಆಫ್ತಾಬ ಹಾರಿ ಹೋಗಿ ಗ್ವಾಡಿಯಿಂದ ಪ್ಲಗ್ ಕಿತ್ತ. ಬ್ಯಾಟರಿ ವೈರೂ ಕಿತ್ತ.

ಆದ್ರ ಫ್ಯಾನು ನಿಲ್ಲಲಿಲ್ಲ.

ಡಬ್ಬಿ ಹಿಂದಿನ ಫ್ಯಾನು. ಸಣ್ಣದು, ಅಂಗೈಯಷ್ಟು. ಗುರ್ರ್… ಅಂತ ತಿರಗತಿತ್ತು, ನಿಂತಂಗ ಆಗತಿತ್ತು… ಮತ್ತ ಗುರ್ರ್… ಅಂತಿತ್ತು. ಆಫ್ತಾಬ ವೈರಿನ ತುದಿ ಕೈಯಾಗ ಹಿಡಕೊಂಡು ನಿಂತಿದ್ದ. ಪ್ಲಗ್ಗು ಅಂವನ ಕೈಯಾಗಽ ಇತ್ತು.

"ನಿಂದ್ರಸಬ್ಯಾಡ್ರಿ" ಅಂದ್ಲು ನೀಲಾ. "ಅವತ್ತೂ ಹಿಂಗಽ ಬರತಿತ್ತು ಉಸಿರು."

ಗುರ್ರ್…

…

ಗುರ್ರ್…

ಆಕಿ ಡಬ್ಬಿ ಮ್ಯಾಲ ಕೈ ಇಟಗೊಂಡು ಕುಂತ್ಲು. ಫ್ಯಾನಿನ ಒಂದೊಂದು ಸುತ್ತಿಗೂ ನಡುವ ಹೊತ್ತು ಹೆಚ್ಚಾಕೋತ ಹೋತು. ಆಫ್ತಾಬ ಓಡಿ ಹೋಗಬಹುದಿತ್ತು. ಹೋಗಲಿಲ್ಲ. ಒಂದು ಸರ್ತಿ ಬಾರದಾಂವ ಈಗರ ಕುಂದ್ರಬೇಕಂತ ಕುಂತ. ಹದಿನೆಂಟು ನಿಮಿಷ. ಕರೆಂಟಿಲ್ಲದ, ವೈರಿಲ್ಲದ ಫ್ಯಾನು ಹದಿನೆಂಟು ನಿಮಿಷ ತಿರಗಿತು.

ಹನ್ನೊಂದು ನಾಲ್ವತ್ತಕ್ಕ ನಿಂತಿತು.

ನೀಲಾ ಗಡಿಯಾರ ನೋಡಲಿಲ್ಲ, ಆ ಹೊತ್ತು ಆಕಿಗೆ ಮೊದಲಽ ಗೊತ್ತಿತ್ತು. ಎದ್ದು, ಮುಖಾ ತೊಳಕೊಂಡು ಬಂದು, ಬಾಗಲದಾಗ ನಿಂತು ಅಂದ್ಲು, "ಅಣ್ಣಾರ… ಇನ್ನ ಬರಬ್ಯಾಡ್ರಿ."

ಅಷ್ಟಽ.

ಡಿಸ್ಕ್ ಹುಬ್ಬಳ್ಳಿಗೆ ಹೋತು, ಅಲ್ಲಿಂದ ಇನ್ನೂ ದೊಡ್ಡ ಊರಿಗೆ ಹೋತು. ಒಂದು ಗೆರಿನೂ ಬರಲಿಲ್ಲ. ಆಫ್ತಾಬ ಫೋನಿಲೆ ಹೊಡದ ಫೋಟೋದಾಗ ಖಾಲಿ ಪರದೆ, ಅದರಾಗ ಅಂವನ ಮುಖದ ನೆರಳು. ನೀಲಾ ಈಗ ಬರೇ ಸಾದಾ ದಡಿ ನೇಯತಾಳ. ಆ ತೆನಿ ಮತ್ತ ಹಾಳಿ ಮ್ಯಾಲ ಬರಿಯವಾ ಅಂತ ಓಣಿ ಹೆಣ್ಮಕ್ಕಳು ಹೇಳಿದ್ರಂತ. "ಕಣ್ಣಿಗೆ ಬರತೈತಿ, ಕೈಗೆ ಬರೂದಿಲ್ಲ" ಅಂದ್ಲಂತ ಆಕಿ. ಆಫ್ತಾಬ ಅಂಗಡಿ ಮುಚ್ಚಿದ. ಈಗ ನರಗುಂದದಾಗ ಯಾರದೋ ಗೋದಾಮಿನ್ಯಾಗ ಚೀಲಾ ಎಣಸತಾನ. ರಾತ್ರಿ ಫೋನು ಎದಿ ಮ್ಯಾಲ ಇಟಗೊಂಡು ಮಲಗತಾನಂತ, ಇಷ್ರತ ಹೇಳತಾಳ. ಯಾರೂ ಹಚ್ಚೂದಿಲ್ಲ.

ಕಂಪ್ಯೂಟರಿನ ಡಬ್ಬಿ ಮೋದಿನಸಾಬನ ಗುಜರಿ ಅಂಗಡ್ಯಾಗ ಬಿದ್ದೈತಿ. ಒಳಗ ಬೋರ್ಡಿಲ್ಲ, ಡಿಸ್ಕಿಲ್ಲ, ಫ್ಯಾನೂ ಇಲ್ಲ. ಬರೇ ತಗಡು. ಹ್ವಾದ ಥಂಡಿಯಾಗ ನಾ ಹಳೇ ಹಂಚು ಕೇಳಾಕ ಹೋಗಿದ್ದೆ. ಮೋದಿನಸಾಬ ಕರದು ತೋರಿಸಿದ. ಅಷ್ಟು ಕಬ್ಬಿಣದ ರಾಶ್ಯಾಗ ಒಂದು ಬೆಕ್ಕು ತನ್ನ ಮೂರು ಮರಿ ಕಟಗೊಂಡು ಬಂದು, ಬ್ಯಾರೆ ಎಲ್ಲೂ ಅಲ್ಲ, ಆ ಡಬ್ಬಿ ಮ್ಯಾಲಽ ಮಲಗಿತ್ತು. ದಿನಾ ಅಲ್ಲೇ ಮಲಗತೈತ್ರಿ ಅಂದ.

ನೀವು ನಂಬ್ರಿ, ಬಿಡ್ರಿ. ಬೆಕ್ಕು ಸರಿಸಿ ನಾನಽ ಈ ಕೈ ಇಟ್ಟು ನೋಡೀನಿ. ತಗಡು ಬೆಚ್ಚಗಿತ್ತು.